‘ಹ್ಯಾಂಗ್ ಆಗಾಕತ್ತೈತ್ರಿ’: ಗ್ರಾಫಿಕ್ಸ್ ಡ್ರೈವರ್, ಗೇಮ್‌ಪ್ಯಾಡ್ ಎರಡನ್ನೂ ತಪಾಸಣೆ ಮಾಡುವ ಸ್ಕ್ರಿಪ್ಟ್ ಬರೆಯುವುದು ಹೇಗೆ

ಇಳಕಲ್‌ನಿಂದ, ಬಾದಾಮಿಯಿಂದ ಹುಡುಗರು ಸಿಪಿಯು ಡಬ್ಬಿಯನ್ನು ತೊಡೆ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಬರುತ್ತಾರೆ. ನವನಗರದ ನನ್ನ ಅಂಗಡಿಗೆ ಬಂದ ಮೇಲೆ ನೋಡಿದರೆ ಎಷ್ಟೋ ಸಲ ಡಬ್ಬಿಯೊಳಗೆ ಏನೂ ತೊಂದರೆ ಇರುವುದಿಲ್ಲ. ಫೋನಿನಲ್ಲಿ ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಅಕ್ಕಾರ, ಗೇಮ್ ಹಚ್ಚಿದ್ರ ಹ್ಯಾಂಗ್ ಆಗಾಕತ್ತೈತ್ರಿ."

ಗ್ರಾಫಿಕ್ಸ್ ಡ್ರೈವರ್ ಬಿದ್ದು ಎದ್ದಿರಬಹುದು. ಪವರ್ ಸಪ್ಲೈ ಕೈಕೊಟ್ಟಿರಬಹುದು. ಗೇಮ್‌ಪ್ಯಾಡ್ ವೈರ್ ಸಡಿಲಾಗಿ ಗೇಮ್‌ನೊಳಗಿನ ಮನುಷ್ಯ ನಿಂತಲ್ಲೇ ನಿಂತಿರಬಹುದು. ಆಡುವವನಿಗೆ ಮೂರೂ ಒಂದೇ ಥರ ಕಾಣುತ್ತವೆ. ಅದಕ್ಕೇ ಬಸ್ ಹತ್ತುವ ಮೊದಲು ಒಂದು ಸ್ಕ್ರಿಪ್ಟ್ ಓಡಿಸಿ ರಿಪೋರ್ಟ್ ಕಳಿಸಲು ಹೇಳುತ್ತೇನೆ. ಅಂಥ ಸ್ಕ್ರಿಪ್ಟ್ ಬರೆಯುವ ದಾರಿ ಇಲ್ಲಿದೆ. ಪವರ್‌ಶೆಲ್ (ವಿಂಡೋಸ್‌ನ ಕಮಾಂಡ್ ಭಾಷೆ) ಸ್ವಲ್ಪ ಬಂದರೆ ಸಾಕು.

ಮೊದಲೇ ಒಂದು ಮಾತು. ಗ್ರಾಫಿಕ್ಸ್‌ಗೆ ಒಂದು ಟೂಲ್, ಪ್ಯಾಡ್‌ಗೆ ಇನ್ನೊಂದು ಅಂತ ಬೇರೆ ಮಾಡಬೇಡಿ. ಎರಡರ ಸುದ್ದಿಯೂ ಒಂದೇ ಫೈಲಿನಲ್ಲಿ, ಒಂದೇ ಗಡಿಯಾರದ ಟೈಮ್ ಹಿಡಿದು ಬರಬೇಕು. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ

ಇನ್‌ಸ್ಟಾಲ್ ಮಾಡುವಂಥದ್ದು ಬೇಡ. ಒಂದು ಪವರ್‌ಶೆಲ್ ಫೈಲ್, ಅದನ್ನು ಕರೆಯುವ ಒಂದು ಬ್ಯಾಚ್ ಫೈಲ್, ಅಷ್ಟೇ. ಬ್ಯಾಚ್ ಫೈಲಿನಲ್ಲಿ ಎಕ್ಸಿಕ್ಯೂಷನ್ ಪಾಲಿಸಿಯನ್ನು (ಸ್ಕ್ರಿಪ್ಟ್ ಓಡಿಸಲು ವಿಂಡೋಸ್ ಹಾಕುವ ತಡೆ) ಆ ಒಂದು ಸಲಕ್ಕೆ ಮಾತ್ರ ಬೈಪಾಸ್ ಮಾಡಿ. ಡಬಲ್ ಕ್ಲಿಕ್ ಮಾಡಿದರೆ ಓಡಬೇಕು. ಅಡ್ಮಿನಿಸ್ಟ್ರೇಟರ್ ಹಕ್ಕು ಕೇಳಬೇಡಿ, ಬೇಕಾಗೂ ಇಲ್ಲ. ಸಿಸ್ಟಮ್ ಲಾಗ್ (ವಿಂಡೋಸ್ ಬರೆದಿಡುವ ಘಟನೆಗಳ ದಾಖಲೆ) ಓದಲು ಮಾಮೂಲಿ ಬಳಕೆದಾರನಿಗೂ ಅವಕಾಶ ಇದೆ. ಸ್ಕ್ರಿಪ್ಟ್ ಓದಬೇಕು, ಬರೆದಿಡಬೇಕು. ಯಾವುದನ್ನೂ ತಾನಾಗಿ ರಿಪೇರಿ ಮಾಡಲು ಹೋಗಬಾರದು. ಬೇರೆಯವರ ಮಷೀನ್ ಅದು.

ರಿಪೋರ್ಟ್ ಕನ್ನಡದಲ್ಲಿ ಬರಬೇಕಾದರೆ ಒಂದು ತೊಡಕಿದೆ. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1, ಬಿಓಎಂ (ಫೈಲಿನ ಶುರುವಿನಲ್ಲಿ ಕೂರುವ ಗುರುತಿನ ಬೈಟ್‌ಗಳು) ಇಲ್ಲದ ಫೈಲನ್ನು ಯುಟಿಎಫ್-8 ಅಂತ ಗುರುತಿಸುವುದಿಲ್ಲ. ಕನ್ನಡ ಅಕ್ಷರಗಳೆಲ್ಲ ಕಲಸುಮೇಲೋಗರ ಆಗುತ್ತವೆ. ಎಡಿಟರ್‌ನಲ್ಲಿ ‘ಯುಟಿಎಫ್-8 ವಿತ್ ಬಿಓಎಂ’ ಆರಿಸಿ ಸೇವ್ ಮಾಡಿ. ಕಪ್ಪು ಕನ್ಸೋಲ್ ಕಿಟಕಿಯಲ್ಲಿ ಒತ್ತಕ್ಷರ ಸರಿಯಾಗಿ ಕೂರುವುದಿಲ್ಲ. ಹಾಗಾಗಿ ರಿಪೋರ್ಟನ್ನು ಎಚ್‌ಟಿಎಂಎಲ್ ಫೈಲ್ ಮಾಡಿ ಬ್ರೌಸರ್‌ನಲ್ಲಿ ತೆರೆಯುವುದು ಒಳ್ಳೆಯದು.

ಗ್ರಾಫಿಕ್ಸ್ ಕಡೆ

ಗೆಟ್-ಸಿಮ್‌ಇನ್‌ಸ್ಟನ್ಸ್ ಕಮಾಂಡಿಗೆ ವಿನ್32_ವಿಡಿಯೋಕಂಟ್ರೋಲರ್ ಕ್ಲಾಸ್ ಕೊಟ್ಟರೆ ಕಾರ್ಡಿನ ಹೆಸರು, ಡ್ರೈವರ್ ವರ್ಷನ್, ತಾರೀಖು, ಎರರ್ ಕೋಡ್ ಎಲ್ಲ ಬರುತ್ತವೆ. ಹೆಸರಿನ ಜಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಬಂದರೆ ಕಾರ್ಡಿನ ಸ್ವಂತ ಡ್ರೈವರ್ ಕೂತೇ ಇಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಎರರ್ ಕೋಡ್ 0 ಇದ್ದರೆ ಸರಿ. 22 ಇದ್ದರೆ ಯಾರೋ ಡಿಸೇಬಲ್ ಮಾಡಿದ್ದಾರೆ. 28 ಇದ್ದರೆ ಡ್ರೈವರ್ ಇಲ್ಲ. 43 ಬಂದರೆ ಮಾತ್ರ ಸ್ವಲ್ಪ ಹುಷಾರು: ಸಾಧನ ತನಗೇ ತೊಂದರೆ ಇದೆ ಅಂತ ಹೇಳಿದ್ದಕ್ಕೆ ವಿಂಡೋಸ್ ಅದನ್ನು ನಿಲ್ಲಿಸಿದೆ. ಇದಕ್ಕೆ ‘ಕಾರ್ಡ್ ಹೋಗಿದೆ’ ಅಂತ ರಿಪೋರ್ಟಿನಲ್ಲಿ ಬರೆಯಬೇಡಿ. ಡ್ರೈವರ್ ಕೆಟ್ಟಿದ್ದರೂ 43 ಬರುತ್ತದೆ. ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಅಳಿಸುವ ಟೂಲ್) ಹಾಕಿ ಹಳೆಯ ಡ್ರೈವರ್ ಪೂರ್ತಿ ತೆಗೆದು, ಹೊಸದು ಹಾಕಿ ನೋಡುವ ತನಕ ತೀರ್ಪು ಬೇಡ.

ಅದೇ ಕ್ಲಾಸಿನಲ್ಲಿ ‘ಅಡಾಪ್ಟರ್‌ರ‍್ಯಾಮ್’ ಅಂತ ಒಂದು ಅಂಕಿ ಇದೆ. ಅದನ್ನು ನಂಬಬೇಡಿ. ಅದು 32 ಬಿಟ್‌ನ ಸಂಖ್ಯೆ, 4 ಜಿಬಿ ದಾಟಿ ಹೇಳಲು ಅದಕ್ಕೆ ಬರುವುದಿಲ್ಲ. ಜಮಖಂಡಿಯ ಹುಡುಗನೊಬ್ಬ ಇದನ್ನೇ ನೋಡಿ, "8 ಜಿಬಿ ಅಂತ ರೊಕ್ಕ ತಗೊಂಡು 4 ಜಿಬಿ ಹಾಕ್ಯಾರ ಅಕ್ಕಾರ" ಅಂತ ಮಾರಿದವನ ಜೊತೆ ಜಗಳಕ್ಕೆ ಹೊರಟಿದ್ದ. ಕಾರ್ಡ್ ಸರಿಯಾಗೇ ಇತ್ತು. ನಿಜವಾದ ಮೆಮೊರಿ ಬೇಕಾದರೆ ರಿಜಿಸ್ಟ್ರಿಯಲ್ಲಿ ಡಿಸ್‌ಪ್ಲೇ ಕ್ಲಾಸಿನ ಕೀ ಒಳಗೆ ‘ಕ್ಯೂಡಬ್ಲ್ಯೂ ಮೆಮೊರಿ ಸೈಜ್’ ಅಂತ 64 ಬಿಟ್‌ನ ಅಂಕಿ ಇರುತ್ತದೆ. ಅದನ್ನು ಓದಿ.

ಡ್ರೈವರ್ ವರ್ಷನ್ನೂ ಜನರಿಗೆ ಅರ್ಥ ಆಗುವ ಹಾಗೆ ಬರೆಯಿರಿ. ಎನ್‌ವಿಡಿಯಾ ಕಾರ್ಡಿಗೆ ವಿಂಡೋಸ್ 31.0.15.3623 ಅಂತ ತೋರಿಸುತ್ತದೆ. ಚುಕ್ಕಿ ತೆಗೆದು ಕೊನೆಯ ಐದು ಅಂಕಿ ಹಿಡಿಯಿರಿ, ಮೂರು ಅಂಕಿ ಆದ ಮೇಲೆ ಚುಕ್ಕಿ ಇಡಿ. 536.23 ಆಯಿತು. ಡೌನ್‌ಲೋಡ್ ಪೇಜಿನಲ್ಲಿ ಕಾಣುವ ನಂಬರ್ ಇದೇ.

ರೆಸಲ್ಯೂಷನ್, ರಿಫ್ರೆಶ್ ರೇಟ್ ಕೂಡ ಬರೆದಿಡಿ. ಮಷೀನಿನಲ್ಲಿ ಎರಡು ಗ್ರಾಫಿಕ್ಸ್ ಇದ್ದು, ದೊಡ್ಡ ಕಾರ್ಡಿನ ಎದುರು ಈ ಜಾಗ ಖಾಲಿ ಇದ್ದರೆ, ಮಾನಿಟರ್ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದ್ದಾರೆ ಅಂತ ಮೊದಲ ಅನುಮಾನ. ಡೆಸ್ಕ್‌ಟಾಪ್ ಆದರೆ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಅದು ಮಾಮೂಲಿ.

ಲಾಗ್‌ನಲ್ಲಿ ಏನು ಹುಡುಕಬೇಕು

ವಿಸ್ಟಾ ಕಾಲದಿಂದಲೂ ವಿಂಡೋಸ್‌ಗೆ ಒಂದು ನಿಯಮ ಇದೆ. ಗ್ರಾಫಿಕ್ಸ್ ಚಿಪ್ 2 ಸೆಕೆಂಡ್ ಉತ್ತರ ಕೊಡದಿದ್ದರೆ ಡ್ರೈವರನ್ನು ರೀಸೆಟ್ ಮಾಡುತ್ತದೆ. ಇದಕ್ಕೆ ಟಿಡಿಆರ್ ಅನ್ನುತ್ತಾರೆ. ಸ್ಕ್ರೀನ್ ಕಪ್ಪಾಗಿ ವಾಪಸ್ ಬಂದರೆ ಸಾಮಾನ್ಯವಾಗಿ ಇದೇ. ಸಿಸ್ಟಮ್ ಲಾಗ್‌ನಲ್ಲಿ ಈವೆಂಟ್ ನಂಬರ್ 4101 ಆಗಿ ಸಿಗುತ್ತದೆ. ಗೆಟ್-ವಿನ್‌ಈವೆಂಟ್ ಹಾಕಿ ಹಿಂದಿನ 30 ದಿನದ್ದು ತೆಗೆಯಿರಿ. ಒಂದೂ ಸಿಗದಿದ್ದರೆ ಆ ಕಮಾಂಡ್ ಕೆಂಪು ಎರರ್ ಕೊಡುತ್ತದೆ. ಅದನ್ನು ಸುಮ್ಮನಾಗಿಸಿ ‘4101 ಇಲ್ಲ’ ಅಂತ ಬರೆಯಿರಿ. ಇಲ್ಲ ಅನ್ನೋದೂ ಒಂದು ಸಾಕ್ಷಿ.

ಇನ್ನೊಂದು ನಂಬರ್ 41, ಕರ್ನಲ್-ಪವರ್. ಮಷೀನ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಇದರ ಅರ್ಥ. ಕರೆಂಟ್ ಹೋಗಿದ್ದರೂ 41, ಪವರ್ ಬಟನ್ ಒತ್ತಿ ಹಿಡಿದರೂ 41. ಇದರೊಳಗೆ ‘ಬಗ್‌ಚೆಕ್ ಕೋಡ್’ ಅಂತ ಇರುತ್ತದೆ, ಅದನ್ನು ತೆಗೆದು ತೋರಿಸಿ. 0 ಇದ್ದರೆ ನೀಲಿ ಸ್ಕ್ರೀನಿನ ದಾಖಲೆ ಇಲ್ಲ. ಮೊದಲು ಕರೆಂಟ್, ಯುಪಿಎಸ್, ಪವರ್ ಸಪ್ಲೈ ನೋಡಿ. 278 ಇದ್ದರೆ ಗ್ರಾಫಿಕ್ಸ್. ನೀಲಿ ಸ್ಕ್ರೀನಿನಲ್ಲಿ 0ಎಕ್ಸ್116 ಅಂತ ಕಾಣುವುದು ಇಲ್ಲಿ ದಶಮಾನದಲ್ಲಿ 278 ಆಗಿರುತ್ತದೆ. 278 ಅಂತ ನೆಟ್‌ನಲ್ಲಿ ಹುಡುಕಿ ಏನೂ ಸಿಗದೆ ತಲೆ ಕೆರೆದುಕೊಳ್ಳುವವರು ಬಹಳ.

ರಿಜಿಸ್ಟ್ರಿಯಲ್ಲಿ ‘ಟಿಡಿಆರ್ ಡಿಲೇ’ ಅಂತ ಯಾರಾದರೂ ಸೇರಿಸಿದ್ದಾರಾ ಅನ್ನೋದನ್ನೂ ನೋಡಿ. ವಿಡಿಯೋ ನೋಡಿ ಅದನ್ನು 60 ಮಾಡಿಕೊಂಡು ಬರುವವರಿದ್ದಾರೆ. ಅದರಿಂದ ರೋಗ ವಾಸಿಯಾಗುವುದಿಲ್ಲ. 2 ಸೆಕೆಂಡ್ ನಿಲ್ಲುತ್ತಿದ್ದ ಸ್ಕ್ರೀನ್ ಒಂದು ನಿಮಿಷ ನಿಲ್ಲುತ್ತದೆ, ಅಷ್ಟೇ. ಅದು ಡ್ರೈವರ್ ಬರೆಯುವವರು ಪರೀಕ್ಷೆಗೆ ಬಳಸುವ ಸೆಟ್ಟಿಂಗ್.

ಕೊನೆಯ ಸಲ ಮಷೀನ್ ಬೂಟ್ ಆದ ಟೈಮ್ ಒಂದು ಸಾಲು ಇರಲಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ದಿನಾ ಶಟ್‌ಡೌನ್ ಮಾಡಿದರೂ ವಾರದ ಹಿಂದಿನ ತಾರೀಖು ಬರುತ್ತದೆ. ಅಂಥವರಿಗೆ ಮೊದಲ ಔಷಧ ರೀಸ್ಟಾರ್ಟ್.

ಗೇಮ್‌ಪ್ಯಾಡ್ ಕಡೆ

ಎಕ್ಸ್‌ಬಾಕ್ಸ್ ಮಾದರಿಯ ಪ್ಯಾಡ್‌ಗಳು ಎಕ್ಸ್‌ಇನ್‌ಪುಟ್ ಭಾಷೆ ಮಾತಾಡುತ್ತವೆ. ಇದು 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆ ಬಂದದ್ದು. ಒಟ್ಟು 4 ಪ್ಯಾಡ್, 0ಯಿಂದ 3ರ ತನಕ ಸ್ಲಾಟ್. ಪವರ್‌ಶೆಲ್‌ನ ಆಡ್-ಟೈಪ್‌ನಲ್ಲಿ ನಾಲ್ಕು ಸಾಲು ಸಿ-ಶಾರ್ಪ್ ಬರೆದು ಎಕ್ಸ್‌ಇನ್‌ಪುಟ್1_4 ಡಿಎಲ್ಎಲ್‌ನ ‘ಗೆಟ್‌ಸ್ಟೇಟ್’ ಫಂಕ್ಷನ್ ಕರೆಯಬಹುದು. ಸ್ಟ್ರಕ್ಟ್ ಒಟ್ಟು 16 ಬೈಟ್: ಪ್ಯಾಕೆಟ್ ನಂಬರ್ 4, ಬಟನ್‌ಗಳು 2, ಎರಡು ಟ್ರಿಗರ್‌ಗೆ ಒಂದೊಂದು, ಆಮೇಲೆ ಸ್ಟಿಕ್‌ಗಳ ನಾಲ್ಕು ಅಂಕಿಗೆ ಎರಡೆರಡು. ಈ ಕ್ರಮ ತಪ್ಪಿದರೆ ಎರರ್ ಬರುವುದಿಲ್ಲ, ಸುಮ್ನೆ ತಪ್ಪು ಅಂಕಿ ಬರುತ್ತದೆ.

ಫಂಕ್ಷನ್ 0 ವಾಪಸ್ ಕೊಟ್ಟರೆ ಪ್ಯಾಡ್ ಇದೆ, 1167 ಕೊಟ್ಟರೆ ಇಲ್ಲ. ಖಾಲಿ ಸ್ಲಾಟನ್ನು ಮತ್ತೆ ಮತ್ತೆ ಕೇಳುವುದು ಮಷೀನಿಗೆ ಭಾರ, ಕೆಲವು ಸೆಕೆಂಡಿಗೆ ಒಮ್ಮೆ ಕೇಳಿದರೆ ಸಾಕು. ಪ್ಯಾಡ್ 0ನೇ ಸ್ಲಾಟ್ ಬಿಟ್ಟು 1ರಲ್ಲಿ ಕೂತಿದ್ದರೂ ಬರೆದಿಡಿ. ಕೆಲವು ಹಳೆಯ ಗೇಮ್‌ಗಳು 0ಯನ್ನು ಮಾತ್ರ ನೋಡುತ್ತವೆ.

ಈಗ ಡ್ರಿಫ್ಟ್, ಅಂದರೆ ಕೈ ಬಿಟ್ಟರೂ ಸ್ಟಿಕ್ ತಾನೇ ಒಂದು ಕಡೆ ಎಳೆಯುವುದು. ಪ್ಯಾಡನ್ನು ಮೇಜಿನ ಮೇಲಿಟ್ಟು ಕೈ ತೆಗೆಯಿರಿ ಅಂತ ಸ್ಕ್ರಿಪ್ಟ್ ಹೇಳಲಿ. 10 ಸೆಕೆಂಡ್ ಓದಲಿ. ಸ್ಟಿಕ್ ಅಂಕಿ -32768ರಿಂದ 32767ರ ತನಕ ಹೋಗುತ್ತದೆ. ಮೈಕ್ರೋಸಾಫ್ಟ್ ಸೂಚಿಸುವ ಡೆಡ್‌ಝೋನ್ (ಇಷ್ಟರೊಳಗಿನ ಅಲುಗಾಟವನ್ನು ಗೇಮ್ ಲೆಕ್ಕಕ್ಕೆ ಹಿಡಿಯದ ಗಡಿ) ಎಡ ಸ್ಟಿಕ್‌ಗೆ 7849, ಬಲ ಸ್ಟಿಕ್‌ಗೆ 8689. ಪೂರ್ತಿ ಓಟದ ಸುಮಾರು ಕಾಲು ಭಾಗ ಅದು. ಕೈ ಬಿಟ್ಟಾಗ ಅಂಕಿ ಇದನ್ನೂ ದಾಟಿದ್ದರೆ ಸ್ಟಿಕ್ ಸವೆದಿದೆ ಅಂತ ಧೈರ್ಯವಾಗಿ ಬರೆಯಿರಿ. 3000 ಆಸುಪಾಸು ಇದ್ದರೆ ಒಂದು ಗೇಮ್‌ನಲ್ಲಿ ಡ್ರಿಫ್ಟ್ ಕಾಣುತ್ತದೆ, ಇನ್ನೊಂದರಲ್ಲಿ ಕಾಣುವುದಿಲ್ಲ. ಗೇಮ್‌ನ ಸೆಟ್ಟಿಂಗ್‌ನಲ್ಲಿ ಡೆಡ್‌ಝೋನ್ ಹೆಚ್ಚಿಸಿದರೆ ಇನ್ನೂ ಕೆಲವು ತಿಂಗಳು ತಳ್ಳಬಹುದು.

ಪ್ಯಾಕೆಟ್ ನಂಬರನ್ನೂ ಗಮನಿಸಿ. ಪ್ಯಾಡ್‌ನ ಸ್ಥಿತಿ ಬದಲಾದಾಗ ಮಾತ್ರ ಅದು ಬದಲಾಗುತ್ತದೆ. ಯಾರೂ ಮುಟ್ಟದೆ ಅದು ಓಡುತ್ತಲೇ ಇದ್ದರೆ ಸ್ಟಿಕ್ ನಡುಗುತ್ತಿದೆ. ಸ್ವಲ್ಪ ನಡುಕ ಎಲ್ಲ ಪ್ಯಾಡ್‌ಗೂ ಇರುತ್ತದೆ, ಹಾಗಾಗಿ ಇದೊಂದನ್ನೇ ಹಿಡಿದು ಪ್ಯಾಡ್ ಬದಲಿಸಬೇಡಿ. ಆಮೇಲೆ ಸ್ಟಿಕ್ಕನ್ನು ಒಂದು ಸುತ್ತು ತಿರುಗಿಸಿ ಬಿಡಿಸಿ, ಮತ್ತೆ ಓದಿ. ಒಂದೊಂದು ಸಲ ಒಂದೊಂದು ಕಡೆ ನಿಂತರೆ ಒಳಗೆ ಸವೆತವೋ ಧೂಳೋ ಇದೆ. ನಮ್ಮ ಕಡೆ ಬೇಸಿಗೆಯಲ್ಲಿ ಧೂಳಿಗೇನು ಬರ!

ಎಕ್ಸ್‌ಇನ್‌ಪುಟ್‌ಗೆ ಕಾಣದ ಪ್ಯಾಡ್ ಎಲ್ಲ ಕೆಟ್ಟದ್ದಲ್ಲ. ಲಾಜಿಟೆಕ್ ಎಫ್310ರ ಹಿಂದೆ ಎಕ್ಸ್, ಡಿ ಅಂತ ಒಂದು ಸ್ವಿಚ್ ಇದೆ. ಡಿ ಕಡೆ ಇದ್ದರೆ ಎಕ್ಸ್‌ಇನ್‌ಪುಟ್‌ಗೆ ಮಾಯ. ಸೋನಿ ಪ್ಯಾಡ್‌ಗಳು ಎಕ್ಸ್‌ಇನ್‌ಪುಟ್ ಮಾತಾಡುವುದೇ ಇಲ್ಲ, ನಡುವೆ ಸ್ಟೀಮ್ ಅಥವಾ ಡಿಎಸ್4ವಿಂಡೋಸ್ ಬೇಕು. ಎರಡೂ ಒಟ್ಟಿಗೆ ಓಡುತ್ತಿದ್ದರೆ ಒಂದು ಸಲ ಒತ್ತಿದ್ದು ಎರಡಾಗಬಹುದು. ಆದ್ದರಿಂದ ಯುಎಸ್‌ಬಿ ಸಾಧನಗಳ ಪಟ್ಟಿಯನ್ನೂ ತೆಗೆದು ವಿಐಡಿ (ತಯಾರಕರ ನಂಬರ್) ನೋಡಿ: 045ಇ ಮೈಕ್ರೋಸಾಫ್ಟ್, 054ಸಿ ಸೋನಿ, 046ಡಿ ಲಾಜಿಟೆಕ್, 0079 ಇದ್ದರೆ ಡ್ರ್ಯಾಗನ್‌ರೈಸ್ ಚಿಪ್‌ನ ಅಗ್ಗದ ಪ್ಯಾಡ್. ಆದರೆ 045ಇ ಕಂಡ ಕೂಡಲೇ ಅಸಲಿ ಅಂತ ಬರೆಯಬೇಡಿ. ನಕಲಿಗಳೂ ಅದೇ ನಂಬರ್ ಹಾಕಿಕೊಂಡು ಬರುತ್ತವೆ.

ಮೌಸ್‌ನ 1000 ಹರ್ಟ್ಸ್ ಪೋಲಿಂಗ್ ಅಳೆಯಲು ಮಾತ್ರ ಈ ಸ್ಕ್ರಿಪ್ಟ್ ಸಾಲದು. ಪವರ್‌ಶೆಲ್‌ನ ಸ್ಲೀಪ್ ಸುಮಾರು 15 ಮಿಲಿಸೆಕೆಂಡಿನ ಹೆಜ್ಜೆಯಲ್ಲಿ ನಡೆಯುತ್ತದೆ, ಮೌಸ್ 1 ಮಿಲಿಸೆಕೆಂಡಿಗೆ ಒಮ್ಮೆ ಮಾತಾಡುತ್ತದೆ. ಅದಕ್ಕೆ ಸಿ ಭಾಷೆಯಲ್ಲಿ ಬೇರೆ ಬರೆಯಬೇಕು.

ಎರಡನ್ನೂ ಒಂದೇ ಗಡಿಯಾರಕ್ಕೆ ಕಟ್ಟುವುದು

ಇಲ್ಲಿ ತನಕ ಹೇಳಿದ್ದು ನಿಂತ ಮಷೀನಿನ ತಪಾಸಣೆ. ತೊಂದರೆ ಬರುವುದು ಆಡುವಾಗ. ಹಾಗಾಗಿ ಗೇಮ್ ಹಿಂದೆ ಸುಮ್ಮನೆ ಕೂತು ಬರೆಯುವ ಎರಡನೇ ಭಾಗ ಬೇಕು. ಎನ್‌ವಿಡಿಯಾ ಕಾರ್ಡಿಗೆ ಡ್ರೈವರ್ ಜೊತೆಗೇ ಬರುವ ಎನ್‌ವಿಡಿಯಾ-ಎಸ್‌ಎಂಐ ಇದೆ. ಸೆಕೆಂಡಿಗೆ ಒಮ್ಮೆ ಶಾಖ, ಬಳಕೆ, ವ್ಯಾಟ್, ಪಿಸಿಐಇ (ಕಾರ್ಡನ್ನು ಮದರ್‌ಬೋರ್ಡಿಗೆ ಕೂಡಿಸುವ ದಾರಿ) ಲೇನ್ ಎಷ್ಟು ಅಂತ ಸಿಎಸ್‌ವಿ ಕೊಡುತ್ತದೆ. ಪಿಸಿಐಇ ಜನರೇಷನ್ ಅಂಕಿಯನ್ನು ಗೇಮ್ ಓಡುವಾಗಲೇ ನೋಡಬೇಕು. ಕೆಲಸ ಇಲ್ಲದಾಗ ಕಾರ್ಡ್ ಕರೆಂಟ್ ಉಳಿಸಲು ಅದನ್ನು 1ಕ್ಕೆ ಇಳಿಸಿಕೊಳ್ಳುತ್ತದೆ. ಪ್ಯಾಡ್‌ನ ಕಡೆಯಿಂದ ಸ್ಥಿತಿ ಬದಲಾದಾಗ ಮಾತ್ರ ಒಂದು ಸಾಲು. ಎರಡನ್ನೂ ಟೈಮ್ ಹಿಡಿದು ಬೆರೆಸಿ, ಸಿಸ್ಟಮ್ ಲಾಗ್‌ನ ಈವೆಂಟ್‌ಗಳನ್ನೂ ಅದರೊಳಗೇ ಸೇರಿಸಿ.

ಮುಧೋಳದಿಂದ ಬಂದ ಒಂದು ರಿಪೋರ್ಟಿನ ತುಣುಕು (ಕಾರ್ಡಿನ ಕೆಲವು ಸಾಲು ಬಿಟ್ಟು) ಹೀಗಿತ್ತು:

21:14:06 – ಕಾರ್ಡ್ 71 ಡಿಗ್ರಿ, ಬಳಕೆ 97%
21:14:07 – ಪ್ಯಾಡ್ ಸ್ಲಾಟ್ 0: 1167
21:14:07 – ಕಾರ್ಡ್ 71 ಡಿಗ್ರಿ, ಬಳಕೆ 96%
21:14:09 – ಪ್ಯಾಡ್ ಸ್ಲಾಟ್ 0: ವಾಪಸ್

ಕಾರ್ಡ್ ತನ್ನ ಪಾಡಿಗೆ ದುಡಿಯುತ್ತಲೇ ಇದೆ, 4101 ಇಲ್ಲ. ಪ್ಯಾಡ್ ಎರಡು ಸೆಕೆಂಡ್ ಮಾಯವಾಗಿದೆ. "ತಮ್ಮಾ, ಡಬ್ಬಿ ಅಲ್ಲೇ ಇರ್ಲಿ, ಪ್ಯಾಡ್ ಬ್ಯಾರೆ ಯುಎಸ್‌ಬಿಗೆ ಹಾಕಿ ನೋಡು" ಅಂದೆ. ಡಬ್ಬಿಯ ಮುಂಭಾಗದ ಪೋರ್ಟ್ ಸಡಿಲಾಗಿತ್ತು.

ಇದರ ತಿರುಗುಮುರುಗು ಕೂಡ ಬರುತ್ತದೆ. ಪ್ಯಾಕೆಟ್ ನಂಬರ್ ಓಡುತ್ತಲೇ ಇದೆ, ಹುಡುಗ ಬಟನ್ ಒತ್ತುತ್ತಲೇ ಇದ್ದಾನೆ, ಆದರೆ ಕಾರ್ಡಿನ ಸಾಲುಗಳಲ್ಲಿ ಕೆಲವು ಸೆಕೆಂಡ್ ಖಾಲಿ, ಅದರ ಬೆನ್ನಿಗೇ 4101. ಅದು ಗ್ರಾಫಿಕ್ಸ್, ಸಂಶಯವೇ ಬೇಡ. ವೈರ್‌ಲೆಸ್ ಪ್ಯಾಡ್ ಆಗಾಗ 1167 ಕೊಡುತ್ತಿದ್ದರೆ ಡಾಂಗಲ್ ಯುಎಸ್‌ಬಿ 3 ಪೋರ್ಟಿನ ಪಕ್ಕ ಇದೆಯಾ ಕೇಳಿ. ಯುಎಸ್‌ಬಿ 3ರ ವಿದ್ಯುತ್ ಗದ್ದಲ (ನಾಯ್ಸ್) 2.4 ಗಿಗಾಹರ್ಟ್ಸ್ ವೈರ್‌ಲೆಸ್‌ಗೆ ಅಡ್ಡಿ ಮಾಡುತ್ತದೆ ಅಂತ ಇಂಟೆಲ್ 2012ರಲ್ಲೇ ಬರೆದಿದೆ. ಒಂದು ಎಕ್ಸ್‌ಟೆನ್ಷನ್ ವೈರ್ ಹಾಕಿ ದೂರ ಇಟ್ಟರೆ ಎಷ್ಟೋ ಸಲ ಸರಿಹೋಗುತ್ತದೆ.

ಗೇಮ್‌ನ ಪ್ರೋಸೆಸ್ ಒಳಗೆ ಮಾತ್ರ ಕೈ ಹಾಕಬೇಡಿ. ಫ್ರೇಮ್ ಎಣಿಸುವ ಆಸೆಗೆ ಬಿದ್ದು ಆಂಟಿ-ಚೀಟ್ (ಆಟದಲ್ಲಿ ಮೋಸ ಹಿಡಿಯುವ ಪ್ರೋಗ್ರಾಂ) ಕೈಗೆ ಸಿಕ್ಕರೆ ಗಿರಾಕಿಯ ಅಕೌಂಟ್ ಹೋಗುತ್ತದೆ.

ಕೊಡುವ ಮುಂಚೆ

ಸ್ಕ್ರಿಪ್ಟನ್ನು ಕೆಟ್ಟ ಸ್ಥಿತಿಯಲ್ಲೇ ಪರೀಕ್ಷೆ ಮಾಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಡಿಸೇಬಲ್ ಮಾಡಿ ಓಡಿಸಿ, 22 ಬರಬೇಕು. ನಡುವೆ ಪ್ಯಾಡ್ ಕಿತ್ತು ನೋಡಿ. ಎನ್‌ವಿಡಿಯಾ ಇಲ್ಲದ ಮಷೀನಿನಲ್ಲಿ ಎಸ್‌ಎಂಐ ಸಿಗದೆ ಸ್ಕ್ರಿಪ್ಟ್ ಅರ್ಧಕ್ಕೇ ಸಾಯಬಾರದು.

ಲಿನಕ್ಸ್‌ನವರಿಗೆ ಕೆಲಸ ಸುಲಭ. ಜಿಎಲ್ಎಕ್ಸ್‌ಇನ್ಫೋದಲ್ಲಿ ‘ಎಲ್ಎಲ್‌ವಿಎಂಪೈಪ್’ ಅಂತ ಬಂದರೆ ಕಾರ್ಡ್ ಬಿಟ್ಟು ಪ್ರೊಸೆಸರ್ ಚಿತ್ರ ಬಿಡಿಸುತ್ತಿದೆ. ಕರ್ನಲ್ ಲಾಗ್‌ನಲ್ಲಿ ಎನ್‌ವಿಡಿಯಾದ ‘ಎಕ್ಸ್‌ಐಡಿ 79’ ಕಂಡರೆ ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಸಂಪರ್ಕವೇ (ಬಸ್) ಕಡಿದಿದೆ. ಶಾಖ, ಪವರ್ ವೈರ್, ಸ್ಲಾಟ್ ನೋಡಿ. ಪ್ಯಾಡ್‌ಗೆ ಇವಿಟೆಸ್ಟ್ ಇದೆ.

ಫೈಲ್ ಸೇವ್ ಮಾಡುವ ಮುಂಚೆ ಕಂಪ್ಯೂಟರ್ ಹೆಸರು, ಯೂಸರ್ ಹೆಸರು, ಸೀರಿಯಲ್ ನಂಬರ್ ಅಳಿಸುವ ಸಾಲು ಹಾಕಿ. ಹುಡುಗರು ಈ ರಿಪೋರ್ಟನ್ನು ಗ್ರೂಪಿನಲ್ಲೆಲ್ಲ ಹಂಚುತ್ತಾರೆ. ಫೈಲ್ ಹೆಸರಿನಲ್ಲಿ ತಾರೀಖು, ಟೈಮ್ ಇರಲಿ. ವಾಟ್ಸ್‌ಆಪ್‌ನಲ್ಲಿ ‘ಡಾಕ್ಯುಮೆಂಟ್’ ಅಂತಲೇ ಕಳಿಸಲು ರಿಪೋರ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ, ಇಲ್ಲದಿದ್ದರೆ ಮಾನಿಟರ್‌ನ ಫೋಟೋ ಹೊಡೆದು ಕಳಿಸುತ್ತಾರೆ.