ಕನ್ನಡಿ ಮುಂದೆ ಎರಡು ನಿಮಿಷ: ಬಾಯೊಳಗಿನ ಮಚ್ಚೆ ಗುರುತಿಸುವುದು ಹೇಗೆ?

ರೊಟ್ಟಿಗೆ ರಂಜಕ ಹಚ್ಚಿಕೊಂಡು ಬೆಳೆದ ಬಾಯಿ ನಮ್ಮದು. ಅಂಥ ಬಾಯಿಗೆ ಮಿರ್ಚಿ ಭಜಿ ಕೂಡ ಉರಿಯತೊಡಗಿದರೆ, ಉಷ್ಣ ಆಗಿದೆ ಎಂದು ಮಜ್ಜಿಗೆ ಕುಡಿದು ಸುಮ್ನೆ ಕೂರಬೇಡಿ. ಅಡಿಕೆ, ಗುಟ್ಕಾ, ತಂಬಾಕಿನ ಚಟ ಇದ್ದರಂತೂ ಇವತ್ತೇ ಬಾಯಿ ನೋಡಿಕೊಳ್ಳಿ.

ಮೊದಲು ಬಾಯಿ ಮುಕ್ಕಳಿಸಿ. ಕನ್ನಡಿ ಮುಂದೆ ನಿಂತು ಮೊಬೈಲ್ ಟಾರ್ಚ್ ಹಚ್ಚಿ. ಕೆನ್ನೆಯನ್ನು ಬೆರಳಿನಿಂದ ಹೊರಗೆಳೆದು, ತಂಬಾಕು ಇಟ್ಟುಕೊಳ್ಳುವ ಸಂದಿಯನ್ನೇ ಮೊದಲು ನೋಡಿ. ಆಮೇಲೆ ನಾಲಿಗೆಯ ಎರಡೂ ಅಂಚು, ನಾಲಿಗೆಯ ಕೆಳಭಾಗ.

ಬಿಳಿ ಮಚ್ಚೆ ಕಂಡರೆ ಒದ್ದೆ ಹತ್ತಿಬಟ್ಟೆಯಿಂದ ಮೆತ್ತಗೆ ಒರೆಸಿ. ಒರೆಸಿದರೂ ಹೋಗಲಿಲ್ಲವೇ? ಅದು ಲ್ಯೂಕೋಪ್ಲೇಕಿಯಾ, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಿಳಿ ಮಚ್ಚೆ ಇರಬಹುದು. ಕೆಂಪು ಮಚ್ಚೆ ಅಪರೂಪ, ಆದರೆ ಅದರಲ್ಲೇ ಅಪಾಯ ಜಾಸ್ತಿ. ಶುರುವಿನಲ್ಲಿ ಇವು ನೋಯುವುದೇ ಕಡಿಮೆ. ಎಷ್ಟೋ ಜನ ಮೋಸ ಹೋಗುವುದು ಇಲ್ಲೇ.

ಈಗ ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಜೋಡಿಸಿ, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ಒಂದರ ಮೇಲೊಂದು ಬರುವಂತೆ ನಿಲ್ಲಿಸಿ. ಎರಡೇ ಹಿಡಿಸಿದರೆ ಕೆನ್ನೆಯೊಳಗೆ ನಾರು ಕಟ್ಟುತ್ತಿರಬಹುದು. ಮುಟ್ಟಿದರೆ ಒಳಗೆ ಹಗ್ಗ ಬಿಗಿದಂತೆ ಗಟ್ಟಿ ಪಟ್ಟಿ ಸಿಗುತ್ತದೆ, ಚರ್ಮ ಬಿಳಿಚಿರುತ್ತದೆ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುವ ಈ ತೊಂದರೆಗೆ ಮುಖ್ಯ ಕಾರಣ ಅಡಿಕೆ. 'ನಾನು ತಂಬಾಕು ಹಾಕೋದಿಲ್ರೀ, ಬರೀ ಅಡಿಕೆ' ಎನ್ನುವವರು ನಮ್ಮಲ್ಲಿ ಬಹಳ. ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಮಚ್ಚೆಯಾಗಲಿ, ಹುಣ್ಣಾಗಲಿ, ಎರಡು ವಾರ ದಾಟಿದರೆ ಡಾಕ್ಟರ್ ಹತ್ತಿರ ಹೋಗಿ. ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ದಂತ ಕಾಲೇಜು ಇದೆ. ಗದಗ, ಹಾವೇರಿಯವರು ಮೊದಲು ಜಿಲ್ಲಾ ಆಸ್ಪತ್ರೆಗೇ ಹೋಗಬಹುದು. ಅನುಮಾನ ಬಂದರೆ ಆ ಜಾಗಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಇದೇ ಬಯಾಪ್ಸಿ. 'ಚೂರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ' ಎಂದು ಹಿರಿಯರು ಹೆದರಿಸುತ್ತಾರೆ. ದಯವಿಟ್ಟು ನಂಬಬೇಡಿ. ಈ ಹೆದರಿಕೆಯಿಂದಲೇ ತಿಂಗಳುಗಟ್ಟಲೆ ತಡ ಮಾಡುವವರಿದ್ದಾರೆ.

ಚಟ ಬಿಡುವುದೇ ಮೊದಲ ಚಿಕಿತ್ಸೆ. ಬಿಟ್ಟರೆ ಕೆಲವು ಬಿಳಿ ಮಚ್ಚೆ ತಾವಾಗಿಯೇ ಕರಗುತ್ತವೆ. ಪರೀಕ್ಷೆಯಲ್ಲಿ ಜೀವಕೋಶ ಕೆಟ್ಟಿರುವುದು ಕಂಡರೆ ಮಚ್ಚೆಯನ್ನು ಕತ್ತರಿಸಿ ಅಥವಾ ಲೇಸರ್‌ನಿಂದ ತೆಗೆಯುತ್ತಾರೆ. ಬಾಯಿ ಬಿಗಿತಕ್ಕೆ ಕೆನ್ನೆಯೊಳಗೆ ಇಂಜೆಕ್ಷನ್, ದಿನಾ ಬಾಯಿ ತೆರೆಯುವ ವ್ಯಾಯಾಮ. ತೀರಾ ಬಿಗಿದರೆ ಆಪರೇಷನ್. ಕಟ್ಟಿದ ನಾರು ಪೂರ್ತಿ ಕರಗುವುದಿಲ್ಲ, ಅದಕ್ಕೇ ಅವಸರ ಮಾಡಿ ಎನ್ನುತ್ತಿದ್ದೇನೆ. ತೆಗೆದ ಮಚ್ಚೆ ಮತ್ತೆ ಬರಬಹುದು, ಹಾಗಾಗಿ ಡಾಕ್ಟರ್ ಹೇಳಿದ ದಿನಕ್ಕೆ ತಪ್ಪದೆ ತೋರಿಸಿ.

ಒಬ್ಬರೇ ಬಿಡಲು ಆಗದಿದ್ದರೆ 1800-11-2356ಕ್ಕೆ ಫೋನ್ ಮಾಡಿ. ತಂಬಾಕು ಬಿಡಿಸಲು ಸರ್ಕಾರ ಇಟ್ಟಿರುವ ಉಚಿತ ನಂಬರ್ ಇದು.