ಹಾಲಿನ ಪುಸ್ತಕದಲ್ಲಿ ಸಿಕ್ಕ ಆದಾಯ

ಹದಿನಾರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು ನಾನು. ಹಗಲು ಹೋಟೆಲಿನ ಗಲ್ಲದಲ್ಲಿ, ಅಂದರೆ ಹಣ ತೆಗೆದುಕೊಳ್ಳುವ ಕೌಂಟರಿನಲ್ಲಿ ಕೂತು, ಸಂಜೆ ಫೋರ್ಟ್‌ನ ಕನ್ನಡ ರಾತ್ರಿ ಶಾಲೆಗೆ ಹೋಗಿ, ಆಮೇಲೆ ವಕೀಲನಾದೆ. ಈಗ ಬಾಂದ್ರಾ-ಕುರ್ಲಾ ಸಂಕೀರ್ಣದ ಫ್ಯಾಮಿಲಿ ಕೋರ್ಟಿನಲ್ಲಿ ಜೀವನಾಂಶದ ಅರ್ಜಿಗಳನ್ನು ನಡೆಸುವಾಗ, ಕಾನೂನು ಪುಸ್ತಕದಷ್ಟೇ ಆ ಗಲ್ಲದಲ್ಲಿ ಕಲಿತದ್ದೂ ಕೈಹಿಡಿಯುತ್ತದೆ.

ಸಂಬಳದವನ ಆದಾಯ ತಿಳಿಯಲು ಪಗಾರದ ಚೀಟಿ ಸಾಕು. ಸ್ವಂತ ವ್ಯಾಪಾರದವನದು ಹಾಗಲ್ಲ, ಅವನ ಆದಾಯ ಅವನೇ ಬರೆದುಕೊಂಡದ್ದು. ಅದನ್ನು ಬಿಡಿಸಿದ ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮುಲುಂಡಿನ ಆ ಹೆಂಗಸು ಎರಡು ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಗಂಡನಿಗೆ ಸ್ವಂತ ಹೆಸರಿನಲ್ಲಿ ಒಂದು ಹೋಟೆಲು, ಇನ್ನೊಂದರಲ್ಲಿ ಪಾಲು. ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಅವರಿಗೂ 26ರಲ್ಲಿ ಮಕ್ಕಳಿಗೂ ಮಧ್ಯಂತರ ಜೀವನಾಂಶ ಕೇಳಿದೆವು. ಆತ ಕೊಟ್ಟ ಉತ್ತರ: ವರ್ಷಕ್ಕೆ 4,80,000 ರೂಪಾಯಿ ಆದಾಯ. ಸಾಕ್ಷಿಗೆ ಆದಾಯ ತೆರಿಗೆ ರಿಟರ್ನಿನ ಸ್ವೀಕೃತಿ ಪತ್ರ, ಒಂದೇ ಹಾಳೆ.

"ಅಣ್ಣಾ, ಇದು ಸುಳ್ಳು. ಆದರೆ ಸುಳ್ಳು ಅಂತ ನಾನು ಹೇಗೆ ತೋರಿಸುವುದು?" ಎಂದು ಕೇಳಿದರು.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಂಥ ಹೊತ್ತಿಗೆ ದೊಡ್ಡ ಆಸರೆ. ಇಬ್ಬರೂ ಆಸ್ತಿ, ಸಾಲ, ಆದಾಯ, ಖರ್ಚು ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಬಿಚ್ಚಿಡಲೇಬೇಕು. ಬರೆದದ್ದರಲ್ಲಿ ತಕರಾರಿದ್ದರೆ ಎದುರು ಕಕ್ಷಿಗೆ ಲಿಖಿತ ಪ್ರಶ್ನೆ ಹಾಕಬಹುದು, ಕಾಗದಪತ್ರ ಹಾಜರುಪಡಿಸಲು ಕೇಳಬಹುದು. ನಾನು ಮೊದಲು ಕೇಳಿದ್ದು ಮೂರು: ಮೂರು ವರ್ಷದ ಪೂರ್ತಿ ರಿಟರ್ನು, ಎಲ್ಲ ಬ್ಯಾಂಕ್ ಖಾತೆಗಳ ವಿವರ, ಪಾಲುದಾರಿಕೆ ಸಂಸ್ಥೆಯಲ್ಲಿ ಆತನ ಬಂಡವಾಳ ಖಾತೆ.

ಪೂರ್ತಿ ರಿಟರ್ನು ಬಂದಾಗ ಅರ್ಧ ಗುಟ್ಟು ಅಲ್ಲೇ ಬಯಲಾಯಿತು. ಪಾಲುದಾರನಿಗೆ ಬರುವ ಲಾಭದ ಪಾಲಿಗೆ ಸಂಸ್ಥೆಯೇ ತೆರಿಗೆ ಕಟ್ಟಿರುತ್ತದೆ. ಆಗ ಅನ್ವಯಿಸುತ್ತಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 10(2ಎ) ಪ್ರಕಾರ ಅದು ಆತನ ತೆರಿಗೆ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ವಿನಾಯಿತಿಯ ಪಟ್ಟಿಯಲ್ಲಿ ಅದು 9 ಲಕ್ಷ ಇತ್ತು! ಬಂಡವಾಳ ಖಾತೆಯಲ್ಲಿ ಆತ ಮನೆಖರ್ಚಿಗೆಂದು ಎತ್ತಿದ್ದು ಅದಕ್ಕೂ ಹೆಚ್ಚು. ತೆರಿಗೆ ಬೀಳದ ಹಣವೂ ಕೈಗೆ ಬಂದ ಹಣವೇ. ಆದ್ದರಿಂದ ಸ್ವೀಕೃತಿ ಪತ್ರ ತೋರಿಸಿದರೆ ನಾನು ಎಂದೂ ತೃಪ್ತನಾಗುವುದಿಲ್ಲ.

ಉಳಿದ 4,80,000 ಸ್ವಂತ ಹೋಟೆಲಿನದು. ಅದೇ ಕಾಯ್ದೆಯ 44ಎಡಿ ಕಲಮಿನಲ್ಲಿ ಸಣ್ಣ ವ್ಯಾಪಾರಿ ಲೆಕ್ಕಪತ್ರ ಇಡದೆಯೇ ನಗದು ವಹಿವಾಟಿನ 8 ಶೇಕಡಾ ಲಾಭವೆಂದು ತೋರಿಸಬಹುದಿತ್ತು. ಬ್ಯಾಂಕ್ ಮೂಲಕ ಬಂದದ್ದಕ್ಕೆ 6 ಶೇಕಡಾ. ಆತ 60 ಲಕ್ಷ ವ್ಯಾಪಾರ ತೋರಿಸಿ, ಪೂರ್ತಿಗೂ 8 ಶೇಕಡಾ ಹಿಡಿದಿದ್ದ. ದಿನಕ್ಕೆ ಹದಿನಾರೂವರೆ ಸಾವಿರಕ್ಕೂ ಕಡಿಮೆ ವ್ಯಾಪಾರ. ಇಪ್ಪತ್ತೆರಡು ಜನ ಕೆಲಸದವರಿರುವ ಹೋಟೆಲಿಗೆ!

"ಮನೆಯಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಯಾರು?" ಎಂದೆ.

"ನಾನೇ. ಹೋಟೆಲಿನ ಹಾಲಿನ ಪುಸ್ತಕ ಈಗಲೂ ನನ್ನ ಹತ್ತಿರ ಇದೆ."

ಅಂಚು ಮಡಚಿದ, ಎಣ್ಣೆ ಕಲೆಯ ಉದ್ದನೆಯ ಪುಸ್ತಕ. ಪ್ರತಿ ದಿನದ ಎದುರು ಲೀಟರಿನ ಲೆಕ್ಕ, ಹಾಲಿನವನ ಸಹಿ. ದಿನಕ್ಕೆ ಸರಾಸರಿ 70 ಲೀಟರ್. ಮೊಸರಿಗೂ ಇತರ ಖರ್ಚಿಗೂ 20 ತೆಗೆದಿಟ್ಟೆ. ಉಳಿದ 50 ಲೀಟರಿಗೆ, ನನ್ನ ಗಲ್ಲದ ಅನುಭವದಂತೆ ಲೀಟರಿಗೆ 14 ಕಟಿಂಗ್ (ಅರ್ಧ ಲೋಟದ ಚಹಾ) ಹಿಡಿದೆ. 700 ಕಪ್ಪು, ಆ ಹೋಟೆಲಿನ ದರಪಟ್ಟಿಯಂತೆ 12 ರೂಪಾಯಿ. ಚಹಾ ಒಂದರಲ್ಲೇ 8,400. ಹಾಗಾದರೆ ಇಡ್ಲಿ, ದೋಸೆ, ಮಧ್ಯಾಹ್ನದ ಊಟ ಎಲ್ಲ ಸೇರಿ ಅಷ್ಟೂ ಆಗಲಿಲ್ಲವೇ? ಅದರ ಕೆಳಗೆ ಕೂಲಿಯ ಲೆಕ್ಕ ಬರೆದೆ. ಇಪ್ಪತ್ತೆರಡು ಜನಕ್ಕೆ ತಲಾ ಹತ್ತೇ ಸಾವಿರ ಹಿಡಿದರೂ ತಿಂಗಳಿಗೆ 2,20,000. ತೋರಿಸಿದ ಮಾಸಿಕ ವ್ಯಾಪಾರವೇ 5 ಲಕ್ಷ. ಬಾಡಿಗೆ, ದಿನಸಿ, ಗ್ಯಾಸು ಎಲ್ಲ ಎಲ್ಲಿಂದ ಬಂತು?

ಆದರೂ ನ್ಯಾಯಾಧೀಶರ ಮನಸ್ಸಿಗೆ ಮೊದಲು ನಾಟಿದ್ದು ಇದಕ್ಕಿಂತ ಸರಳವಾದದ್ದು. ಆತನದೇ ಉಳಿತಾಯ ಖಾತೆಯಿಂದ ಮನೆ ಸಾಲದ ಕಂತು ತಿಂಗಳಿಗೆ 42,000 ಹೋಗುತ್ತಿತ್ತು. ಒಪ್ಪಿಕೊಂಡ ಆದಾಯ ತಿಂಗಳಿಗೆ 40,000. ಮಕ್ಕಳ ಶಾಲೆಯ ಫೀಸು, ಕಾರಿನ ಕಂತು ಪಾಲುದಾರಿಕೆ ಸಂಸ್ಥೆಯ ಖಾತೆಯಿಂದ ಹೋಗಿದ್ದವು. ಅವನ್ನೂ, ಲೆಕ್ಕದಲ್ಲಿ ಮಾತ್ರ ಖರ್ಚಾಗಿ ಕೈಯಿಂದ ಹೋಗದ ಸವಕಳಿಯನ್ನೂ (ಸಾಮಾನಿನ ಬೆಲೆ ಇಳಿದದ್ದು) ಬೇರೆ ಬೇರೆ ಸಾಲಿನಲ್ಲಿ ಆದಾಯಕ್ಕೆ ಮರಳಿ ಸೇರಿಸಿ, ಪ್ರತಿ ಸಾಲಿನ ಎದುರು ದಾಖಲೆಯ ಪುಟಸಂಖ್ಯೆ ಹಾಕಿದೆ.

ಇಲ್ಲಿ ನಾನೊಂದು ತಪ್ಪನ್ನು ಮೊದಲೇ ಮಾಡಿ ಕಲಿತಿದ್ದೆ. ಹಿಂದೊಂದು ಪ್ರಕರಣದಲ್ಲಿ ಕಕ್ಷಿದಾರೆಯ ಸಿಟ್ಟಿಗೆ ನಾನೂ ಸೇರಿ ಗಂಡನಿಗೆ ತಿಂಗಳಿಗೆ 5 ಲಕ್ಷ ಆದಾಯ ಎಂದು ಬರೆದೆ. ಆಧಾರ ಕೇಳಿದಾಗ ನಮ್ಮಲ್ಲಿ ಏನೂ ಇರಲಿಲ್ಲ, ನಿಜ ಇದ್ದದ್ದನ್ನೂ ಕೋರ್ಟು ನಂಬಲಿಲ್ಲ. ಆ ತಾಯಿಗೆ ಬಂದದ್ದು ತೀರಾ ಕಡಿಮೆ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ಆದ್ದರಿಂದ ಈ ಬಾರಿ ಊರಿನ ತೋಟ, ಅತ್ತೆಯ ಬಂಗಾರ ಎಲ್ಲ ಬಿಟ್ಟು, ಕಾಗದ ಹೇಳಿದಷ್ಟೇ ಹೇಳಿದೆ: ತಿಂಗಳಿಗೆ ಕನಿಷ್ಠ 1,75,000. ಬೀಗ ಒಡೆದು, ಗಂಡನ ಫೋನು ತೆರೆದು ತರುವ ದಾಖಲೆ ಬೇಡವೆಂದು ಆಕೆಗೂ ಮೊದಲೇ ಹೇಳಿದ್ದೆ. ಆಕೆಯ ಖರ್ಚಿನ ಅಫಿಡವಿಟ್ಟನ್ನೂ ಅಷ್ಟೇ ಬಿಗಿಯಾಗಿ ಬರೆಸಿದೆ, ಹೊಲಿಗೆಯಿಂದ ಬರುತ್ತಿದ್ದ ಆರು ಸಾವಿರವನ್ನೂ ಸೇರಿಸಿ.

ಎದುರು ವಕೀಲರು ಹಾಲಿನ ಪುಸ್ತಕ ಸಾಕ್ಷ್ಯವೇ ಅಲ್ಲ ಎಂದರು. ವಿವಾದವನ್ನು ಪರಿಣಾಮಕಾರಿಯಾಗಿ ನಿಭಾಯಿಸಲು ನೆರವಾಗುವ ಯಾವುದೇ ದಾಖಲೆಯನ್ನು ಕೋರ್ಟು ನೋಡಬಹುದೆಂದು 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 14ನೇ ಕಲಮು ಹೇಳುತ್ತದೆ. ಅದನ್ನೇ ಓದಿದೆ. ನಿಖರ ಲೆಕ್ಕ ವಿಚಾರಣೆಯಲ್ಲಿ ಆಗಲಿ, ಮಕ್ಕಳ ಈ ತಿಂಗಳ ಊಟಕ್ಕೆ ಅಂದಾಜು ಸಾಕು ಎಂದೆ.

ಆದೇಶ ಬಂತು: ತಿಂಗಳಿಗೆ ತಾಯಿಗೆ 35,000, ಮಕ್ಕಳಿಬ್ಬರಿಗೆ ತಲಾ 12,500, ಶಾಲೆಯ ಫೀಸು ಬೇರೆ. ಅದೂ ಅರ್ಜಿ ಹಾಕಿದ ದಿನದಿಂದ. ಹದಿನಾಲ್ಕು ತಿಂಗಳ ಬಾಕಿ 8,40,000 ಮೂರು ಕಂತಿನಲ್ಲಿ ಬಂದಿತು. ಮೊದಲ ಕಂತು ಬಂದ ದಿನ ಆಕೆ ದೊಡ್ಡ ಮಗಳ ಫೀಸು ಕಟ್ಟಿದ ರಸೀದಿಯ ಫೋಟೋ ಕಳಿಸಿದರು.

ಮೂಲ ಪ್ರಕರಣ ಇನ್ನೂ ನಡೆಯುತ್ತಿದೆ. ಗಂಡನ ಪಾಟೀಸವಾಲು ಬಾಕಿಯಿದೆ. 19 ಕಿಲೋದ ಸಿಲಿಂಡರು ತಿಂಗಳಿಗೆ ಎಷ್ಟು ಹೋಗುತ್ತಿತ್ತೆಂದು ತಿಳಿಯಲು ಗ್ಯಾಸ್ ಏಜೆನ್ಸಿಯಿಂದ ದಾಖಲೆ ತರಿಸುವ ಅರ್ಜಿ ಬರೆಯುತ್ತಿದ್ದೇನೆ.