ಅಂಬಾಸಿಡರ್ ಸೆಲ್ಫ್ ಹಿಡೀವಲ್ದು? ಮೋಟರ್ ಬಿಚ್ಚೋದು ಕಡೀ ಕೆಲಸ ರೀ

ಕೀಲಿ ತಿರುವಿದ್ರ ಗಾಡಿ ಸುಮ್ಮನ ಕುಂತೈತಿ ಅಂದ್ರ ನಮ್ಮ ಹುಬ್ಬಳ್ಳಿ-ಧಾರವಾಡದಾಗ ಬಾಜೂಕ ನಿಂತವರು ಹೇಳೋ ಮೊದಲನೇ ಮಾತು "ಸೆಲ್ಫ್ ಹೋಗೇತಿ ಬಿಡ್ರಿ" ಅಂತ. ಸೆಲ್ಫ್ ಅಂದ್ರ ಎಂಜಿನ್ ತಿರುವಿ ಎಬ್ಬಿಸೋ ಮೋಟರ್. ಮುಂದ ಮೋಟರ್ ಬಿಚ್ಚೋದು, ಯಾವುದೋ ಗಾಡಿದು ತಂದು ಕೂಡಿಸೋದು, ಹಳೇದನ್ನ ಗುಜರಿಗೆ ಹಾಕೋದು, ಇಷ್ಟೆಲ್ಲಾ ಆದ ಮ್ಯಾಲೂ ಮತ್ತ ಅದ ತೊಂದ್ರಿ. ಖರೇ ಹೇಳಬೇಕಂದ್ರ ಹಳೇ ಅಂಬಾಸಿಡರ್‌ದಾಗ ಸೆಲ್ಫ್ ಮೋಟರ್ ತಾನ ಸುಡೋದು ಕಡಿಮಿ, ಅದಕ್ಕ ಕರೆಂಟ್ ಸರಿಯಾಗಿ ಮುಟ್ಟದಂಗ ಆಗೋದು ಇಲ್ಲಾ ಅದರ ಹಲ್ಲಿನ ಕಡೆ ಧೂಳು ಕುಂತು ಹಿಡಕೊಳ್ಳೋದು, ಇವೆರಡ ಜಾಸ್ತಿ. ಉತ್ತರಪಾಡಾದ ಹಿಂದೂಸ್ತಾನ್ ಮೋಟರ್ಸ್ ಫ್ಯಾಕ್ಟರಿಯೊಳಗ 2014ಕ್ಕ ಈ ಗಾಡಿ ಮಾಡೋದ ನಿಂತ ಮ್ಯಾಲೆ ಗಾಡಿ ಜೋಡಿ ಬಂದ ಒರಿಜಿನಲ್ ಸೆಲ್ಫ್‌ಗೆ ಭಾಳ ಕಿಮ್ಮತ್ತೈತಿ, ಅದನ್ನ ಸುಮ್ಮಸುಮ್ಮನ ಕಳಕೋಬ್ಯಾಡ್ರಿ.

ಇಲ್ಲಿ ಹೇಳೋದೆಲ್ಲಾ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಗಾಡಿಗೆ, ಅಂದ್ರ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಬಿ-ಸೀರೀಸ್ ಎಂಜಿನ್‌ಗೆ. ಡೀಸಲ್ ಮತ್ತ ಆಮ್ಯಾಲಿನ ಇಸುಜು ಎಂಜಿನ್ ಗಾಡಿಯೊಳಗ ಸೊಲೆನಾಯ್ಡ್ (ಕೀಲಿ ತಿರುವಿದಾಗ ಸೆಲ್ಫ್‌ಗೆ ದೊಡ್ಡ ಕರೆಂಟ್ ಬಿಡೋ ಸ್ವಿಚ್) ಸೆಲ್ಫ್ ಮ್ಯಾಲನ ಕುಂತಿರ್ತೈತಿ, ಹಲ್ಲು ಮುಂದ ತಳ್ಳೋ ರೀತೀನ ಬ್ಯಾರೆ, ಆದ್ರ ಬ್ಯಾಟರಿ ಮತ್ತ ಅರ್ತಿಂಗ್ (ಕರೆಂಟ್ ಗಾಡಿ ಮೈಯೊಳಗಿಂದ ಬ್ಯಾಟರಿಗೆ ವಾಪಸ್ ಹೋಗೋ ದಾರಿ) ಚೆಕ್ ಮಾಡೋದು ಎಲ್ಲಾಕ್ಕೂ ಒಂದ.

ಮೊದ್ಲ ಗಾಡಿ ನ್ಯೂಟ್ರಲ್‌ಗೆ ತರ್ರಿ, ಹ್ಯಾಂಡ್‌ಬ್ರೇಕ್ ಎಳೀರಿ, ಗಾಲಿಗೆ ಒಂದು ಕಲ್ಲು ಕೊಡ್ರಿ. ಹೆಡ್‌ಲೈಟ್ ಹಚ್ಚಿ ಕೀಲಿ ತಿರುವ್ರಿ, ಒಬ್ಬರನ್ನ ಮುಂದ ನಿಂದರಿಸಿ ಲೈಟ್ ಏನಾಗ್ತೈತಿ ನೋಡಾಕ ಹೇಳ್ರಿ. ಲೈಟ್ ಮೊದಲಿನಂಗ ಉರೀತೈತಿ, ಸೆಲ್ಫ್ ಮಾತ್ರ ಉಸಿರ ಎತ್ತಂಗಿಲ್ಲ ಅಂದ್ರ ಕರೆಂಟ್ ಸೆಲ್ಫ್ ತನಕ ಹೋಗೇ ಇಲ್ಲ, ಕೀಲಿ ಸ್ವಿಚ್ಚೋ ಸೊಲೆನಾಯ್ಡೋ ಅಥವಾ ನಡುವಿನ ವೈರೋ ನೋಡಬೇಕು. ಲೈಟ್ ಪೂರಾ ಮಂಕಾಗಿ ಟಕ್ ಟಕ್ ಟಕ್ ಅಂದ್ರ ಬ್ಯಾಟರಿ ಇಳದೈತಿ ಇಲ್ಲಾ ಟರ್ಮಿನಲ್ ಸಡಿಲ ಐತಿ. ಲೈಟ್ ಮಂಕಾಗಿ ಒಂದ ಸಲ ಟಕ್ ಅಂದು ನಿಂತಬಿಟ್ರ ಸೆಲ್ಫ್‌ನ ಹಲ್ಲು ಫ್ಲೈವೀಲ್ ರಿಂಗ್‌ನಾಗ (ಎಂಜಿನ್ ಹಿಂದಿನ ದೊಡ್ಡ ಚಕ್ರದ ಸುತ್ತಿರೋ ಹಲ್ಲಿನ ಬಳಿಯೊಳಗ) ಸಿಕ್ಕಿರ್ಬಹುದು. ಗುಂಯ್ ಅಂತ ಮೋಟರ್ ಒಂದ ತಿರುಗಿ ಎಂಜಿನ್ ಅಲುಗಾಡದಿದ್ರ ಹಲ್ಲು ಮುಂದ ಬರವಲ್ದು ಅಂತ ಅರ್ಥ. ಕರ್ರ್ ಅಂತ ಕಬ್ಬಿಣ ತಿಕ್ಕಿದಂಗ ಸೌಂಡ್ ಬಂದ್ರ ರಿಂಗ್‌ನ ಹಲ್ಲು ಸವದಾವು. ಈ ಸೌಂಡ್ ಗುರುತು ಹಿಡಿದ್ರ ಅರ್ಧ ಕೆಲಸ ಅಲ್ಲೇ ಮುಗೀತು. ಒಂದು ಸಲಕ್ಕ 10 ಸೆಕೆಂಡ್‌ಗಿಂತ ಜಾಸ್ತಿ ಸೆಲ್ಫ್ ಹೊಡೀಬ್ಯಾಡ್ರಿ, ಅರ್ಧ ನಿಮಿಷರ ಬಿಟ್ಟು ಮತ್ತ ಹೊಡೀರಿ, ಒಂದ ಸವನ ಹೊಡದ್ರ ಒಳಗಿನ ವೈಂಡಿಂಗ್ ಕಾದು ಹೋಗ್ತೈತಿ.

ಈಗ ಬ್ಯಾಟರಿ. ಮಲ್ಟಿಮೀಟರ್ ಒಂದು ಇರ್ಲಿ, ಸಾದಾದ ಸಾಕು. ಗಾಡಿ ರಾತ್ರಿಯೆಲ್ಲಾ ನಿಂತ ಮ್ಯಾಲೆ 12.6 ವೋಲ್ಟ್ ಇದ್ರ ಫುಲ್ ಚಾರ್ಜ್, 12.4 ಅಂದ್ರ ನಡೀತೈತಿ, 12ಕ್ಕ ಬಂದಿದ್ರ ಬ್ಯಾಟರಿ ಬಹುಪಾಲು ಖಾಲಿ. ಸೆಲ್ಫ್ ಹೊಡಿಯೋವಾಗೂ ನೋಡ್ರಿ, 9.6ಕ್ಕಿಂತ ಕೆಳಗ ಬಿದ್ರ ಬ್ಯಾಟರಿ ಚಾರ್ಜ್ ಮಾಡಿಸಿ ಮತ್ತ ನೋಡ್ರಿ, ಆಗೂ ಬೀಳ್ತೈತಿ ಅಂದ್ರ ಬ್ಯಾಟರೀನ ಮುದುಕ ಆಗೇತಿ. ಟರ್ಮಿನಲ್ ಮ್ಯಾಲೆ ಬಿಳೀ-ಹಸರು ಪುಡಿ ಕುಂತಿದ್ರ ಬಿಸಿ ನೀರಿಗೆ ಅಡಿಗಿ ಸೋಡಾ ಹಾಕಿ ತೊಳೀರಿ, ನೀರು ಬ್ಯಾಟರಿ ಒಳಗ ಇಳೀಬಾರದು. ಆಮ್ಯಾಲೆ ಕಂಬ ಮತ್ತ ಕ್ಲ್ಯಾಂಪ್ ಎರಡನ್ನೂ ಹೊಳಿಯೋ ತನಕ ಉಜ್ಜಿ ಬಿಗಿ ಮಾಡಿ ಮ್ಯಾಲೆ ವ್ಯಾಸಲೀನ್ ಸವರ್ರಿ.

ಬ್ಯಾಟರಿ ತಗಿಯೋವಾಗ ಗಾಡಿಯ ಮೈಗೆ (ಬಾಡಿ, ಅಂದ್ರ ಅರ್ತ್) ಹೋಗೋ ಕೇಬಲ್ ಮೊದ್ಲ ಬಿಚ್ಚಬೇಕು, ಕೂಡಿಸೋವಾಗ ಅದನ್ನ ಕಡೀಕ ಹಾಕಬೇಕು. ಮೈನಸ್ ಮೊದ್ಲ ತಗೀರಿ ಅಂತ ಬಾಯಿಪಾಠ ಮಾಡಿದವರು ಇಲ್ಲಿ ಹುಷಾರ ಇರ್ರಿ, ಮಾರಿಸ್ ಕಾಲದ ಗಾಡಿಯೊಳಗ ಪ್ಲಸ್ ಬಾಡಿಗೆ ಹೋಗಿರ್ತೈತಿ, ಅದಕ್ಕ ಪ್ಲಸ್ಸೋ ಮೈನಸ್ಸೋ ಅನ್ನೋದು ಬಿಟ್ಟು ಬಾಡಿಗೆ ಯಾವುದು ಹೋಗೇತಿ ಅದನ್ನ ಕಣ್ಣಾರೆ ನೋಡ್ರಿ.

ಅರ್ತಿಂಗ್ ವಿಷಯಕ್ಕ ಸ್ವಲ್ಪ ಟೈಮ್ ಕೊಡ್ರಿ, ಯಾಕಂದ್ರ ಯಾರೂ ನೋಡದ ಜಾಗ ಇದ. ಎಂಜಿನ್ ರಬ್ಬರ್ ಮೌಂಟಿಂಗ್ ಮ್ಯಾಲೆ ಕುಂತಿರ್ತೈತಿ, ರಬ್ಬರ್‌ದಾಗ ಕರೆಂಟ್ ಹರಿಯಂಗಿಲ್ಲ, ಅದಕ್ಕಂತ ಎಂಜಿನ್‌ನಿಂದ ಬಾಡಿಗೆ ಹೆಣೆದ ತಾಮ್ರದ ಪಟ್ಟಿ ಒಂದು ಹಾಕಿರ್ತಾರ. ಕ್ಲಚ್ ಕೆಲಸಕ್ಕ ಇಲ್ಲಾ ಮೌಂಟಿಂಗ್ ಬದಲು ಮಾಡಾಕ ಗಾಡಿ ಬಿಚ್ಚಿದಾಗ ಈ ಪಟ್ಟಿ ವಾಪಸ್ ಹಾಕೋದ ಮರೀತಾರ, ಹಾಕಿದ್ರೂ ಪೇಂಟ್ ಮ್ಯಾಲೇ ಬೋಲ್ಟ್ ಕೂಡಿಸಿರ್ತಾರ. ಆವಾಗ ಸೆಲ್ಫ್‌ಗೆ ಬೇಕಾದ ನೂರಾರು ಆಂಪಿಯರ್ ಕರೆಂಟ್ ಬ್ಯಾರೆ ದಾರಿ ಹುಡುಕ್ತೈತಿ, ಚೋಕ್ ಕೇಬಲ್ ಮತ್ತ ಆಕ್ಸಿಲರೇಟರ್ ಕೇಬಲ್ ಒಳಗಿಂದ ಹೋಗ್ತೈತಿ. ಸೆಲ್ಫ್ ಹೊಡದ ಮ್ಯಾಲೆ ಚೋಕ್ ಕೇಬಲ್ ಮುಟ್ಟಿ ನೋಡ್ರಿ, ಬಿಸಿ ಹತ್ತಿದ್ರ ಬ್ಯಾರೆ ಸಾಕ್ಷಿ ಬೇಕಾಗಿಲ್ಲ, ಮ್ಯಾಲಿನ ಪ್ಲಾಸ್ಟಿಕ್ ಕರಗಿದ್ರಂತೂ ಕೇಳೋದ ಬ್ಯಾಡ. ಪಟ್ಟಿ ಬಿಚ್ಚಿ ಎರಡೂ ತುದಿ, ಅದು ಕೂಡೋ ಜಾಗ, ಎಲ್ಲಾ ಪೇಂಟ್ ಕೆರದು ಹೊಳಪು ಬರೋ ತನಕ ಸ್ವಚ್ಛ ಮಾಡಿ ಸ್ಪ್ರಿಂಗ್ ವಾಷರ್ ಹಾಕಿ ಬಿಗಿ ಮಾಡ್ರಿ. ಎಳಿ ಕಿತ್ತು ಹಸರಾಗಿದ್ರ ಹೊಸದ ಹಾಕ್ರಿ.

ಮೀಟರ್‌ಲೆ ಚೆಕ್ ಮಾಡೋದು ಹಿಂಗ. ಗಾಡಿ ಸ್ಟಾರ್ಟ್ ಆಗದಂಗ ಪ್ಲಗ್‌ಗೆ ಕಿಡಿ ಕೊಡೋ ಇಗ್ನಿಷನ್ ಕಾಯಿಲ್‌ಗೆ ಬರೋ ಸಣ್ಣ ವೈರ್ ತಗದಿಡ್ರಿ. ಮೀಟರ್‌ದ ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಂಬದ ಮ್ಯಾಲೆ ಇಡ್ರಿ, ಕ್ಲ್ಯಾಂಪ್ ಮ್ಯಾಲಲ್ಲ, ಸೀಸದ ಕಂಬದ ಮ್ಯಾಲೇ, ಇನ್ನೊಂದು ಸೆಲ್ಫ್‌ನ ಮೈಮ್ಯಾಲೆ. ಈಗ ಸೆಲ್ಫ್ ಹೊಡಸ್ರಿ. 0.2 ವೋಲ್ಟ್ ಒಳಗ ಬಂದ್ರ ಚಲೋ ಐತಿ, 0.5 ದಾಟಿದ್ರ ಅರ್ತಿಂಗ್ ಕೆಟ್ಟೈತಿ. ಹಿಂಗ ಇನ್ನೊಂದು ಕಂಬದಿಂದ ಸೆಲ್ಫ್‌ನ ದಪ್ಪ ಕೇಬಲ್ ಕೂಡೋ ಬೋಲ್ಟ್‌ಗೂ ನೋಡ್ರಿ, ಇಲ್ಲೂ 0.5 ಮೀರಬಾರದು. ಆದ್ರ ಇಲ್ಲಿ ಮೀಟರ್‌ನ ಸೆಲ್ಫ್ ಹೊಡಿಯೋವಾಗಷ್ಟ ಓದ್ರಿ, ಸುಮ್ಮನ ಇದ್ದಾಗ 12 ವೋಲ್ಟ್ ತೋರಸ್ತೈತಿ, ಅದು ತಪ್ಪಲ್ಲ. ಮೀಟರ್ ಇಲ್ಲ ಅಂದ್ರ ಜಂಪರ್ ಕೇಬಲ್ ಒಂದನ್ನ ಬ್ಯಾಟರಿ ಅರ್ತ್ ಕಂಬದಿಂದ ಸೀದಾ ಎಂಜಿನ್ ಬ್ಲಾಕ್‌ಗೆ ಹಚ್ಚಿ ಸೆಲ್ಫ್ ಹೊಡೀರಿ, ಗಾಡಿ ಝಟ್ಟನೆ ಎದ್ರ ರೋಗ ಎಲ್ಲೈತಿ ಗೊತ್ತಾತು.

ಅರ್ತಿಂಗ್ ಸರಿ ಐತಿ, ಬ್ಯಾಟರಿ ಸರಿ ಐತಿ ಅಂದ್ರ ಸೊಲೆನಾಯ್ಡ್. ಈ ಗಾಡಿಯೊಳಗ ಅದು ಸೆಲ್ಫ್‌ನಿಂದ ದೂರ, ಬಾನೆಟ್ ಒಳಗ ಬಾಡಿಗೆ ಬ್ಯಾರೆ ಹಚ್ಚಿರ್ತೈತಿ, ಭಾಳಷ್ಟು ಗಾಡಿಯೊಳಗ ಅದಕ್ಕ ರಬ್ಬರ್ ಟೊಪಗಿ ಇರ್ತೈತಿ, ಅದನ್ನ ಕೈಲೆ ಒತ್ತಿದ್ರ ಸೆಲ್ಫ್ ತಿರುಗ್ತೈತಿ. ಗೇರ್‌ನಾಗ ಇದ್ರ ಗಾಡಿ ಮುಂದ ನಿಂತವನ ಮ್ಯಾಲ ಬರ್ತೈತಿ, ನ್ಯೂಟ್ರಲ್ ಇನ್ನೊಮ್ಮೆ ನೋಡ್ರಿ. ಕೈಲೆ ಒತ್ತಿದಾಗ ತಿರುಗಿದ್ರ ಕೀಲಿ ಸ್ವಿಚ್ ಸವದೈತಿ ಇಲ್ಲಾ ಸೊಲೆನಾಯ್ಡ್‌ಗೆ ಬರೋ ಸಣ್ಣ ವೈರ್ ಸಡಿಲ ಐತಿ. ಒತ್ತಿದ್ರೂ ಏನೂ ಇಲ್ಲ, ಬರೋ ಕೇಬಲ್‌ದಾಗ ಕರೆಂಟ್ ಐತಿ, ಒತ್ತಿದಾಗ ಹೋಗೋ ಕೇಬಲ್‌ದಾಗ ಇಲ್ಲ ಅಂದ್ರ ಒಳಗಿನ ಕಾಂಟ್ಯಾಕ್ಟ್ ಸುಟ್ಟಾವು, ಸೊಲೆನಾಯ್ಡ್ ಬದಲು ಮಾಡ್ರಿ.

ಹಲ್ಲು ಸಿಕ್ಕಿದ್ರ ಕೀಲಿ ಪೂರಾ ಬಂದ್ ಮಾಡಿ ಟಾಪ್ ಗೇರ್ ಹಾಕಿ, ಗಾಲಿಗೆ ಕೊಟ್ಟ ಕಲ್ಲು ತಗದು ಹ್ಯಾಂಡ್‌ಬ್ರೇಕ್ ಇಳಿಸಿ ಗಾಡಿ ಹಿಂದ ಮುಂದ ಅಲುಗಾಡಸ್ರಿ, ಖಟ್ ಅಂತ ಬಿಡ್ತೈತಿ. ಬಿಡದಿದ್ರ ಸೆಲ್ಫ್‌ನ ಹಿಂದಿನ ತುದಿಗೆ ಸಣ್ಣ ಮುಚ್ಚಳ ಇರ್ತೈತಿ, ತಗದ್ರ ಒಳಗ ಶಾಫ್ಟ್‌ನ ಚೌಕ ತುದಿ ಕಾಣ್ತೈತಿ, ಅದಕ್ಕ ಪಾನಾ ಹಾಕಿ ತಿರುವ್ರಿ. ಆ ಕಾಲದಾಗ ಎಷ್ಟು ಶಾಣ್ಯಾತನ ಮಾಡ್ಯಾರ ನೋಡ್ರಿ, ರಸ್ತೆ ಮ್ಯಾಲೆ ನಿಂತು ಮಾಡೋ ಕೆಲಸಕ್ಕಂತ ದಾರಿ ಇಟ್ಟಾರ.

ಮೋಟರ್ ತಿರುಗಿ ಎಂಜಿನ್ ತಿರುಗದಿದ್ದಾಗ ತಪ್ಪು ಬೆಂಡಿಕ್ಸ್‌ದು, ಅಂದ್ರ ಸೆಲ್ಫ್ ಶಾಫ್ಟ್ ಮ್ಯಾಲಿನ ಸುರುಳಿ ಮತ್ತ ಹಲ್ಲಿನ ಚಕ್ರದ್ದು. ಇದರಾಗ ಹಲ್ಲನ್ನ ಮುಂದ ತಳ್ಳೋ ಕೈ ಯಾವುದೂ ಇಲ್ಲ. ಬೋಲ್ಟ್ ಗರ್ರನೆ ತಿರುವಿದ್ರ ಮ್ಯಾಲಿನ ನಟ್ ತಾನು ತಿರುಗದ ಮುಂದ ಓಡ್ತೈತಲ್ಲ, ಹಂಗ ಶಾಫ್ಟ್ ಒಮ್ಮೆಲೆ ತಿರುಗಿದಾಗ ಹಲ್ಲಿನ ಚಕ್ರ ತನ್ನ ತೂಕಕ್ಕ ಹಿಂದ ಬಿದ್ದು ಸುರುಳಿ ಮ್ಯಾಲೆ ಜಾರಿ ರಿಂಗ್‌ಗೆ ಕೂಡ್ತೈತಿ, ಎಂಜಿನ್ ಹೊತ್ತಿ ಜೋರ ತಿರುಗಿದ ಕೂಡ್ಲೇ ವಾಪಸ್ ಒಗದು ಬಿಡ್ತೈತಿ. ಆ ಸುರುಳಿ ಮ್ಯಾಲೆ ಜಿಡ್ಡು ಇದ್ರ ಜಾರಂಗಿಲ್ಲ. ನಮ್ಮ ಕಡೆ ಏಪ್ರಿಲ್-ಮೇ ಒಳಗ ನವಲಗುಂದ, ಗದಗ ಕಡೆಯ ಎರಿ ಹೊಲದ ಧೂಳು ಎಷ್ಟು ಸಣ್ಣಂದು ಅಂತ ಎಲ್ಲಾರಿಗೂ ಗೊತ್ತು, ಅದರ ಜೋಡಿ ಕ್ಲಚ್ ಪ್ಲೇಟ್‌ನ ಪುಡಿ ಬ್ಯಾರೆ. ಇಲ್ಲಿ ಎಣ್ಣಿ ಇಲ್ಲಾ ಗ್ರೀಸ್ ಹಾಕೋದ ದೊಡ್ಡ ತಪ್ಪು, ಎಣ್ಣಿ ಧೂಳು ಹಿಡೀತೈತಿ, ಧೂಳು ಎಣ್ಣಿ ಕೂಡಿ ಅಂಟಾಗ್ತೈತಿ. ಸೀಮೆಎಣ್ಣಿ ಇಲ್ಲಾ ಪೆಟ್ರೋಲ್‌ನಾಗ ಬ್ರಷ್ ಅದ್ದಿ ತೊಳೀರಿ, ಒರೆಸಿ ಒಣಗಸ್ರಿ, ಹಲ್ಲು ಕೈಲೆ ತಿರುವಿದ್ರ ಸರಾಗ ಮುಂದ ಹೋಗಿ ಹಿಂದ ಬರಬೇಕು. ಸ್ಪ್ರಿಂಗ್ ತುಂಡಾಗಿದ್ರ ಇಗ್ನಿಷನ್ ಟೈಮಿಂಗ್ ಮುಂದ ಹೋಗೇತೇನು ನೋಡ್ರಿ, ಎಂಜಿನ್ ಉಲ್ಟಾ ಒದ್ರ ಸ್ಪ್ರಿಂಗ್ ಮುರೀತೈತಿ. ಬಿಸಿಲಾಗ ಗದಗದಿಂದ ಬಂದು ಅಣ್ಣಿಗೇರಿಯೊಳಗ ಚಾಕ್ಕ ನಿಂದರಿಸಿದ ಗಾಡಿ ಮತ್ತ ಏಳಾಕ ಒದ್ದಾಡ್ತೈತಿ, ಮುಂಜಾನಿ ತಂಪಿನ್ಯಾಗ ಚಲೋ ಏಳ್ತೈತಿ ಅಂದ್ರೂ ಟೈಮಿಂಗ್ ನೋಡಬೇಕು, ಜೋಡಿಗೆ ಕೇಬಲ್‌ನೂ.

ಇಷ್ಟೆಲ್ಲಾ ನೋಡಿದ ಮ್ಯಾಲೆ ಮೋಟರ್ ಬಿಚ್ಚೋ ಮಾತು. ಬ್ಯಾಟರಿ ಅರ್ತ್ ತಗದು, ಕೇಬಲ್ ಬಿಚ್ಚಿ, ಎರಡು ಬೋಲ್ಟ್ ತಗದ್ರ ಸೆಲ್ಫ್ ಹೊರಗ ಬರ್ತೈತಿ, ಭಾರ ಇರ್ತೈತಿ ಕೆಳಗ ಕೈ ಕೊಟ್ಟಿರ್ರಿ. ಈ ಎಂಜಿನ್‌ಗೆ ಇಂಚಿನ ಪಾನಾ ಬೇಕು, 13ರ ಎಂಎಂ ಪಾನಾ ಅರ್ಧ ಇಂಚಿನ ಬೋಲ್ಟ್‌ಗೆ ಸಡಿಲ ಆಗಿ ತಲಿ ರೌಂಡ್ ಮಾಡ್ತೈತಿ. ಒಳಗ ನಾಲ್ಕು ಕಾರ್ಬನ್ ಬ್ರಷ್ ಇರ್ತಾವು, ಗಿಡ್ಡ ಆಗಿದ್ರ ಇಲ್ಲಾ ಹೋಲ್ಡರ್‌ನಾಗ ಸಿಕ್ಕಿದ್ರ ಬದಲು ಮಾಡ್ರಿ, ಕೆಲವನ್ನ ಬೆಸುಗೆ ಹಾಕಬೇಕಾಗ್ತೈತಿ. ಕಮ್ಯುಟೇಟರ್ (ಬ್ರಷ್ ತಿಕ್ಕೋ ತಾಮ್ರದ ಪಟ್ಟಿಗಳ ಸುತ್ತು) ಕರಗಾಗಿದ್ರ ಸಣ್ಣ ಗ್ಲಾಸ್ ಪೇಪರ್‌ಲೆ ಉಜ್ಜಿ ಪೆಟ್ರೋಲ್ ಬಟ್ಟಿಲೆ ಒರೆಸ್ರಿ, ಎಮರಿ ಪೇಪರ್ ಬ್ಯಾಡ. ಬ್ಯಾಟರಿ ಚಾರ್ಜ್ ಮಾಡೋ ಡೈನಮೋದಾಗ ತಾಮ್ರದ ಪಟ್ಟಿ ನಡುವಿನ ಮೈಕಾ ಕೊರೀತಾರ, ಇದರಾಗ ಕೊರೀಬಾರದು, ರೂಢಿ ಮ್ಯಾಲೆ ಕೊರದು ಕೊಡೋ ಮಂದಿ ಅದಾರ, ಮೊದ್ಲ ಹೇಳಿಬಿಡ್ರಿ. ಬುಷ್ (ಶಾಫ್ಟ್ ಕುಂತು ತಿರುಗೋ ಲೋಹದ ಕೊಳವಿ) ಸವದಿದ್ರ ಆರ್ಮೇಚರ್ (ಒಳಗ ತಿರುಗೋ ಭಾಗ) ಮೈಮ್ಯಾಲೆ ತಿಕ್ಕಿದ ಗುರುತು ಕಾಣ್ತೈತಿ, ಹೊಸ ಬುಷ್‌ನ್ನ ಒಂದು ದಿನ ಎಂಜಿನ್ ಆಯಿಲ್‌ನಾಗ ನೆನಸಿಟ್ಟು ಹಾಕಸ್ರಿ. ಆರ್ಮೇಚರ್ ಖರೇನ ಸುಟ್ಟಿದ್ರ ಬೋರ್‌ವೆಲ್ ಮೋಟರ್ ವೈಂಡಿಂಗ್ ಮಾಡೋ ಅಂಗಡಿಗೆ ಒಯ್ಯಬ್ಯಾಡ್ರಿ, ಇದರೊಳಗ ಸಣ್ಣ ವೈರ್ ಅಲ್ಲ ದಪ್ಪ ತಾಮ್ರ ಇರ್ತೈತಿ, ಡೈನಮೋ-ಸೆಲ್ಫ್ ಕೆಲಸ ಮಾಡೋ ಹಳೇ ಆಟೋ ಎಲೆಕ್ಟ್ರಿಷಿಯನ್ ಹತ್ರಾನ ಕೊಡ್ರಿ.

ಸೆಲ್ಫ್ ಹೊರಗ ಇದ್ದಾಗ ಆ ತೂತಿನಿಂದ ಟಾರ್ಚ್ ಬಿಟ್ಟು ರಿಂಗ್‌ನ ಹಲ್ಲು ನೋಡ್ರಿ, ಸ್ಪಾರ್ಕ್ ಪ್ಲಗ್ ತಗದು ಮುಂದಿನ ಹ್ಯಾಂಡಲ್‌ಲೆ ಎಂಜಿನ್ ನಿಧಾನ ತಿರುವಿಸಿ ಪೂರಾ ಒಂದು ಸುತ್ತು ನೋಡಬೇಕು. ಹ್ಯಾಂಡಲ್ ಹಿಡಿಯೋವಾಗ ಹೆಬ್ಬೆರಳು ಉಳಿದ ಬೆರಳಿನ ಬಾಜೂಕ ಇರ್ಲಿ, ಸುತ್ತಿ ಹಿಡೀಬ್ಯಾಡ್ರಿ, ಮ್ಯಾಲೆ ಎಳೀರಿ, ಕೆಳಗ ಒತ್ತಬ್ಯಾಡ್ರಿ. ನಾಲ್ಕು ಸಿಲಿಂಡರ್ ಎಂಜಿನ್ ನಿಲ್ಲೋದು ಹೆಚ್ಚೂಕಡಿಮಿ ಎರಡ ಜಾಗದಾಗ, ಅದಕ್ಕ ಹಲ್ಲು ಸವಿಯೋದೂ ಎದರಬದರ ಎರಡ ಕಡೆ. ಹಂಗಿದ್ರ ಮುಂದ ಕ್ಲಚ್ ಕೆಲಸಕ್ಕ ಗೇರ್‌ಬಾಕ್ಸ್ ಇಳಿಸಿದಾಗ ರಿಂಗ್ ಬದಲು ಮಾಡಸ್ರಿ, ಹೊಸದು ಸಿಗದಿದ್ರ ಇದನ್ನ ಕಾಯಿಸಿ ತಗಿಸಿ ಕಾಲು ಸುತ್ತು ಸರಿಸಿ ಮತ್ತ ಕೂಡಿಸಬಹುದು, ಹಲ್ಲಿನ ಇಳಿಜಾರು ಮಾಡಿದ ಬಾಜೂ ಮೊದ್ಲ ಯಾವ ಕಡೆ ಇತ್ತೋ ಆ ಕಡೇನ ಇರ್ಲಿ.